ಎಡಚಿಯ ಸುತ್ತು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ

ಎಡಚೀ,

‘ಪ್ರೀತಿಯ’ ಅಂತ ಮೊದಲು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ, ಮೇಲೆ ಗೀಟು ಕಾಣುತ್ತಿರಬಹುದು. ಪ್ರೀತಿ ಇಲ್ಲ ಅಂತಲ್ಲ. ಇಷ್ಟು ವರ್ಷದಲ್ಲಿ ನಿನ್ನನ್ನು ಒಂದು ದಿನವೂ ಹಾಗೆ ಕರೆದವಳಲ್ಲ. ಈಗ ಕರೆದರೆ, ಇವಳಿಗೆ ಏನೋ ಆಗಿಹೋಗಿದೆ ಅಂತ ನೀನು ಗಾಬರಿ ಬೀಳುತ್ತೀಯ. ಹೇಗಿದ್ದೀಯ ಅಂತಲೂ ಕೇಳುವುದಿಲ್ಲ. ಅದನ್ನು ನಿನ್ನ ಮಗಳು ಬಂದು ಹೇಳಿ ಹೋಗಿದ್ದಾಳೆ.

ಕಾಗದ ತಡವಾಯಿತು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದವಳು ನಾನು. ಒಂದು ಹಾಳೆ ತುಂಬಿಸುವಷ್ಟರಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿ ಮುಗಿಸಬಹುದು. ಅದಕ್ಕೆ ತಡ ಅಂತ ಇಟ್ಟುಕೋ. ಒತ್ತಕ್ಷರ ತಪ್ಪಿದ ಕಡೆ ನೀನೇ ಒತ್ತು ಕೊಟ್ಟು ಓದಿಕೋ. ನಿನಗೆ ಓದಲು ಬೇಸರವಾದರೆ ಮಗಳ ಕೈಲಿ ಓದಿಸು. ಆದರೆ ಅವಳು ನಡುನಡುವೆ ನಿನ್ನ ಮುಖ ನೋಡಬಾರದು ಅಂತ ಹೇಳು. ನಾನು ಬೈದಿರುವ ಕಡೆ ನೀನು ನಗುತ್ತೀಯ, ಅವಳು ಅದನ್ನು ನೋಡಿ ಅಮ್ಮ ಹುಷಾರಾದಳು ಅಂದುಕೊಂಡು ಓದುವುದನ್ನು ನಿಲ್ಲಿಸಿಬಿಡುತ್ತಾಳೆ.

ನಿನ್ನ ಮಗಳು ಏನೋ ಕೆಲಸಕ್ಕೆ ಈ ಊರಿಗೆ ಬಂದವಳು ಅಂಗಡಿಗೂ ಬಂದಿದ್ದಳು. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಥೇಟ್ ನೀನೇ. ಎದ್ದು ಹೋಗುವವಳ ಹಾಗೆ ಕೂರುವುದು, ಕೂತಮೇಲೆ ಏಳದೇ ಇರುವುದು.

"ಚಿಕ್ಕಮ್ಮ, ಲಕ್ವ ಹೊಡೆದಾಗಿಂದ ಅಮ್ಮ ಆ ಎಡಗೈನ ಶಾಲಿನ ಕೆಳಗೆ ಮುಚ್ಚಿಟ್ಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿರ್ತಾಳೆ" ಅಂದಳು. "ಕೈ ಆಡಿಸೋದು ಹೇಳ್ಕೊಡೋಕೆ ಒಬ್ಬಳು ಬರ್ತಾಳೆ. ಅವಳಿಗೆ, ‘ಸತ್ತ ಕೈಗೆ ಯಾಕಮ್ಮ ಕಸರತ್ತು’ ಅಂತ ಹೇಳಿ ವಾಪಸ್ ಕಳಿಸ್ತಾಳೆ."

"ಕೆನ್ನೆಗೆ ಎರಡು ಬಿಡಬೇಕಿತ್ತು" ಅಂದೆ.

"ಯಾರಿಗೆ?"

"ನಿಮ್ಮಮ್ಮನಿಗೆ. ಇನ್ಯಾರಿಗೆ?"

ಅವಳು ನಗಲಿಲ್ಲ. ಬ್ಯಾಗಿನ ಜಿಪ್ಪನ್ನು ಎಳೆದು, ಮುಚ್ಚಿ, ಮತ್ತೆ ಎಳೆದು, ಕೊನೆಗೆ ಹೇಳಿದಳು. "ಪೆಟ್ಟು ಬಿದ್ದಿರೋದು ಕೈಗಲ್ಲ ಚಿಕ್ಕಮ್ಮ. ಅವಳು ನಿಮಗೊಬ್ಬರಿಗೇ ಫೋನ್ ಮಾಡಿದ್ದು. ‘ನನ್ನ ಕೈ ಹೋಯ್ತು ಕಣೇ’ ಅಂತ ಅತ್ತಳಂತೆ. ನೀವು ‘ಆಯ್ತು ಆಯ್ತು, ಒಳ್ಳೇದು, ಇಡು’ ಅಂದ್ಬಿಟ್ಟು ಪಟ್ ಅಂತ ಇಟ್ಟುಬಿಟ್ರಂತೆ. ಅವತ್ತಿಂದ ನಿಮ್ಮ ಸುದ್ದೀನೇ ಎತ್ತಲ್ಲ."

ಇಟ್ಟದ್ದು ನಿಜ. ಒಳ್ಳೇದು ಅಂದದ್ದೂ ನಿಜವಿರಬೇಕು. ಅದರ ಮಾತು ಆಮೇಲೆ. ಈಗ ಈ ಕಾಗದ ಯಾಕೆ ಅನ್ನುವುದನ್ನು ನೇರ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರೆಯಲು ನನಗೆ ಬಾರದು, ಸುತ್ತಲು ಬರುವುದು ತಂತಿಯನ್ನು ಮಾತ್ರ. ನೀನು ಆ ಗೋಡೆಯ ಕಡೆಯಿಂದ ಈ ಕಡೆ ತಿರುಗಬೇಕು. ಎದ್ದು ಇಲ್ಲಿಗೆ ಬರಬೇಕು. ಬಂದು ನನ್ನ ಎದುರಿಗೆ ಕೂರಬೇಕು. ಕನಿಕರಕ್ಕೆ ಕರೆಯುತ್ತಿದ್ದಾಳೆ ಅಂದುಕೊಂಡೆಯೋ, ಕಾಗದ ಮಡಚಿ ಒಲೆಗೆ ಹಾಕು. ನನ್ನ ಹತ್ತಿರ ಕನಿಕರ ಯಾವ ಕಾಲದಲ್ಲೂ ಸ್ಟಾಕು ಇರಲಿಲ್ಲ. ಕೆಲಸಕ್ಕೆ ಕರೆಯುತ್ತಿದ್ದೇನೆ. ಯಾವ ಕೈಯಿಂದ ಕೆಲಸ ಅಂತ ಕೇಳುತ್ತೀಯ. ಅದಕ್ಕೇ ಮುಂದಿನದನ್ನು ಪೂರ್ತಿ ಓದು.

ನಿನ್ನ ಮಗಳು ಹೋದ ಮಾರನೇ ದಿನ ನಮ್ಮ ರಸ್ತೆ ತಿರುವಿನ ಸಲೂನಿನವನು ಬಂದ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒಂದು ಗಂಟು ಅವಚಿಕೊಂಡಿದ್ದ. ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಿಳಿ ಬಟ್ಟೆಯಲ್ಲೇ ಸುತ್ತಿದ್ದ, ಅದರ ತುಂಬ ಯಾರ್ಯಾರದೋ ಕೂದಲು. ಬಿಚ್ಚಿದರೆ, ನಾವಿಬ್ಬರೂ ಕಾರ್ಖಾನೆಯಲ್ಲಿ ತಂತಿ ಸುತ್ತುತ್ತಿದ್ದ ಕಾಲದ ವಾಲ್ವ್ ಆಂಪ್ಲಿಫೈಯರು, ಗಾಜಿನ ಬುರುಡೆ ಉರಿದು ಹಾಡು ದೊಡ್ಡದಾಗುವ ಪೆಟ್ಟಿಗೆ. ಅವನು ಸುತ್ತಮುತ್ತ ಅಟ್ಟಣಿಗೆಯ ಮೇಲಿನ ಹಳೇ ರೇಡಿಯೋಗಳನ್ನೆಲ್ಲ ನೋಡುತ್ತ ಏನೋ ಹೇಳತೊಡಗಿದ.

"ಗೋಡೆಗೆ ಹೇಳ್ಬೇಡ, ನನಗೆ ಹೇಳು" ಅಂದೆ.

ತಿರುಗಿದ. "ಅಪ್ಪನ ಕಾಲದ್ದಮ್ಮ. ಕೆಂಪಗೆ ಉರಿಯುತ್ತೆ, ಆದ್ರೆ ಬಾಯಿ ಬಿಡ್ತಿಲ್ಲ."

"ಆ ಮೀಸೆ ಏನಯ್ಯ ಅದು, ಬಾಗಿಲಿಗೆ ಪರದೆ ಬಿಟ್ಟ ಹಾಗೆ? ತುಟೀನೇ ಕಾಣಲ್ಲ. ಊರವರ ಮೂತಿಯೆಲ್ಲ ತಿದ್ದುತೀಯ, ನಿನ್ನದು ನೋಡ್ಕೊಳ್ಳೋಕೆ ಕನ್ನಡಿ ಇಲ್ವಾ? ನಾಳೆ ಬರೋವಾಗ ಕತ್ತರಿಸ್ಕೊಂಡು ಬಾ."

"ಮೀಸೆಗೂ ಆಂಪ್ಲಿಫೈಯರಿಗೂ ಏನಮ್ಮ ಸಂಬಂಧ?"

"ಇದೆ. ನೀನು ರಿಪೇರಿಯವನಾ, ನಾನಾ?"

ಆಮೇಲೆ ತಾನೇ ಹೇಳಿಕೊಂಡ. ಅವನ ಅಪ್ಪ ಹಾಡು ಹಾಕದೆ ಕತ್ತರಿ ಮುಟ್ಟುತ್ತಿರಲಿಲ್ಲವಂತೆ. "ಈಗ ಅಂಗಡಿ ಮೂಕಾಗಿದೆ. ಬರೀ ಕತ್ತರಿ ಸದ್ದು ಕೇಳಿದ್ರೆ ಗಿರಾಕಿಗೆ ಕಿವಿ ಹೋಗುತ್ತೇನೋ ಅಂತ ಭಯ. ಕುತ್ತಿಗೆ ಬಿಗಿ ಹಿಡ್ಕೊಂಡು ಕೂರ್ತಾರೆ."

"ಮೊಬೈಲಲ್ಲಿ ಹಾಕು."

"ಹಾಕಿದ್ದೆ. ಸೊಳ್ಳೆ ಹಾಡಿದ ಹಾಗಿತ್ತು."

ಆ ಮಾತಿಗೆ ಅವನ ಮೀಸೆಯನ್ನು ಅರ್ಧ ಕ್ಷಮಿಸಿಬಿಟ್ಟೆ.

ಮೀಟರ್ ಹಿಡಿದು ನೋಡಿದೆ. ವಾಲ್ವುಗಳು ಗಟ್ಟಿ. ಸ್ಪೀಕರಿಗೆ ಹಾಡು ಕಳಿಸುವ ಟ್ರಾನ್ಸ್‌ಫಾರ್ಮರ್ ಸತ್ತಿತ್ತು. ನಿನಗೆ ಗೊತ್ತಿರುವುದೇ, ನಿನ್ನ ಮಗಳಿಗೆ ತಿಳಿಯಲಿ ಅಂತ ಬರೆಯುತ್ತೇನೆ. ಅದರೊಳಗೆ ಎರಡು ಸುತ್ತು. ಒಳಗಿನದು ದಪ್ಪ ತಂತಿ, ಅದರ ತುದಿ ಸ್ಪೀಕರಿಗೆ ಹೋಗುತ್ತದೆ. ಅದರ ಮೇಲೆ ಹೊರಗಡೆ ಕೂದಲೆಳೆಯಷ್ಟು ಸಣ್ಣ ತಂತಿ, ಅದು ವಾಲ್ವಿನ ಕಡೆಯದು. ಈ ಸಣ್ಣದು ಎಲ್ಲೋ ಒಳಗೆ ತುಂಡಾಗಿತ್ತು. ದಪ್ಪದ್ದು ಸರಿಯಿತ್ತು.

ಬಿಚ್ಚಬೇಕಲ್ಲ. ಹಳೇ ವಾರ್ನಿಷ್ ಬೆಲ್ಲದ ಪಾಕದ ಹಾಗೆ ಕಚ್ಚಿಕೊಂಡು ಕೂತಿತ್ತು, ಸುತ್ತಿನ ಆಚೀಚೆ ಅಡಕಿದ ಕಬ್ಬಿಣದ ತಗಡು ಒಂದೂ ಅಲ್ಲಾಡಲಿಲ್ಲ. ಸಲೂನಿನವನಿಗೆ ಕೂದಲು ಒಣಗಿಸುವ ಮೆಷಿನ್ನು ತರಲು ಹೇಳಿದೆ. ಮೀಸೆ ಕತ್ತರಿಸಿಕೊಂಡು, ಮೆಷಿನ್ನು ತಂದು, ನಾನು ಹೇಳಿದಲ್ಲಿ ಬಿಸಿಗಾಳಿ ಬಿಡುತ್ತ ನಿಂತ. "ತಲೆಗಿಂತ ಇದಕ್ಕೇ ಜಾಸ್ತಿ ಉಪಚಾರ" ಅಂದ. ವಾರ್ನಿಷ್ ಮೆತ್ತಗಾದ ಮೇಲೆ ಚಾಕುವಿನ ಬಾಯಿ ಕೊಟ್ಟು ಮೊದಲ ತಗಡು ಎಬ್ಬಿಸಿದೆ. ಮೂರು ಹಲ್ಲಿನ ತಗಡು ಕೈಗೆ ತಗೊಂಡು, "ಇದು ನಮ್ಮ ಬಾಚಣಿಗೇನೇ!" ಅಂತ ಹಿಗ್ಗಿದ. ಬಾಚಣಿಗೆಗೂ ಅದರ ಬಾಯಿ ಮುಚ್ಚುವ ತಗಡಿನ ಪಟ್ಟಿಗೂ ನಡುವೆ ಇಟ್ಟಿದ್ದ ಕಾಗದದ ಚೂರು ಇದೆಯಲ್ಲ, ಅದನ್ನು ಅವನು ಕಸ ಅಂತ ಊದಲು ಹೋದ. ಕೈ ಮೇಲೆ ಒಂದು ಕೊಟ್ಟೆ. ಆ ಚೂರು ಹೋದರೆ ಹಾಡಿನ ತಳದ ಸ್ವರವೇ ಹೋಗುತ್ತದೆ ಅಂತ ಅವನಿಗೇನು ಗೊತ್ತು? ಕನ್ನಡಕದ ಡಬ್ಬಿಯೊಳಗೆ ಹಾಕಿಟ್ಟೆ.

ಅವನನ್ನು ಕಳಿಸಿ, ತಂತಿಯ ಬಾಬಿನ್ನನ್ನು ಸುತ್ತುವ ಮೆಷಿನ್ನಿಗೆ ಏರಿಸಿ, ಹಳೇ ತಂತಿಯ ತುದಿ ಹಿಡಿದು, ಎಂದಿನ ಹಾಗೆ ಬಿಚ್ಚುವ ಕಡೆಗೆ ಹಿಡಿ ತಿರುಗಿಸಿದೆ. ಬರಲಿಲ್ಲ. ಬಿಗಿಯಾಯಿತು. ಇನ್ನೂ ತಿರುಗಿಸಿದೆ, ಇನ್ನೂ ಬಿಗಿಯಾಯಿತು. ಬಾಯಿಗೆ ಬಂದದ್ದು ಬೈದೆ. ಆಮೇಲೆ ಸುಮ್ಮನೆ, ಯಾಕೋ, ಹಿಡಿಯನ್ನು ಉಲ್ಟಾ ತಿರುಗಿಸಿದೆ. ಎಳೆಯ ಮೇಲೆ ಎಳೆ ಸಲೀಸಾಗಿ ಬಿಚ್ಚಿಕೊಂಡು ಬಂತು.

ಕೈ ನಿಂತುಬಿಟ್ಟಿತು ಕಣೇ.

ಇಡೀ ಕಾರ್ಖಾನೆಯಲ್ಲಿ ಹೀಗೆ ಉಲ್ಟಾ ಸುತ್ತುತ್ತಿದ್ದವಳು ಒಬ್ಬಳೇ. ಆದರೂ ನಂಬಲಿಲ್ಲ, ನನಗೆ ಅಷ್ಟು ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಸಣ್ಣ ತಂತಿಯನ್ನೆಲ್ಲ ಬಿಚ್ಚಿ ತೆಗೆದೆ. ನಡುವೆ ಹಸಿರುಗಟ್ಟಿ ತುಂಡಾದ ಜಾಗವೂ ಸಿಕ್ಕಿತು. ಕೊನೆಯ ಕಾಗದದ ಪದರ ಎತ್ತಿದರೆ ಒಳಗೆ ದಪ್ಪ ತಂತಿಯ ಸುತ್ತು, ಜೋಳದ ತೆನೆಯ ಸಾಲಿನ ಹಾಗೆ. ಒಂದರ ಮೇಲೆ ಒಂದು ಹತ್ತಿಲ್ಲ, ಒಂದರ ಪಕ್ಕ ಒಂದು ಬಿರಿದಿಲ್ಲ. ಶುರುವಿನ ತುದಿಗೆ ಕೆಂಪು ದಾರದ ಗಂಟು. ನಿನ್ನ ಗಂಟು. ಮೊದಲು ಎಡಕ್ಕೆ ಹಾಕಿ ಆಮೇಲೆ ಬಲಕ್ಕೆ ಹಾಕುವ ಹಟಮಾರಿ ಗಂಟು.

ನೆನಪಿದೆಯಾ, ನೀನು ಕೆಲಸಕ್ಕೆ ಬಂದ ಮೊದಲ ವಾರ? ಮೆಷಿನ್ನುಗಳ ಹಿಡಿಯೆಲ್ಲ ಬಲಗಡೆ. ನಿನ್ನ ಬಲಗೈಯಲ್ಲಿ ಹಿಡಿ ತಿರುಗಿದರೆ ಎಡಗೈಯಲ್ಲಿ ತಂತಿ ಕುಣಿದು ಗೋಜಲಾಗುತ್ತಿತ್ತು. ಮೀಸೆ ಮೇಸ್ತ್ರಿ ಬಂದು, "ಈ ಎಡಚೀನ ಯಾರಪ್ಪ ಸೇರಿಸ್ಕೊಂಡಿದ್ದು? ಸಂಜೆಯೊಳಗೆ ಸರಿಯಾಗಿ ಸುತ್ತು, ಇಲ್ಲಾ ಮನೆಗೆ ನಡಿ" ಅಂತ ಎಲ್ಲರೆದುರು ಕೂಗಿ ಹೋದ. ನೀನು ಅಳಲಿಲ್ಲ. ಸ್ಟೂಲನ್ನು ಎತ್ತಿಕೊಂಡು ಮೇಜಿನ ಆ ಕಡೆ ಹೋಗಿ ಹಾಕಿಕೊಂಡೆ. ಆ ಕಡೆಯಿಂದ ಹಿಡಿ ನಿನ್ನ ಎಡಗೈಗೆ ಬಂತು. ಸಂಜೆ ಮೇಸ್ತ್ರಿ ನಿನ್ನ ಬಾಬಿನ್ನನ್ನು ತಿರುಗಿಸಿ ತಿರುಗಿಸಿ ನೋಡಿ, "ಸುತ್ತೇನೋ ಚಿನ್ನದ ಹಾಗಿದೆ, ದಿಕ್ಕು ಮಾತ್ರ ದೆವ್ವದ್ದು" ಅಂದ. "ಒಂದೇ ಬಾಬಿನ್ನಿನ ಎರಡು ಸುತ್ತನ್ನೂ ಇವಳೇ ಸುತ್ತಲಿ. ಅರ್ಧ ಇವಳು, ಅರ್ಧ ಇನ್ನೊಬ್ಬಳು ಅಂತ ಮಾಡಿದ್ರೆ ನಿಮ್ಮಿಬ್ಬರನ್ನೂ ಕಿಟಕಿಯಿಂದ ಎಸೀತೀನಿ." ಅಲ್ಲಿಂದಲೇ ನಿನ್ನ ಕೆಂಪು ದಾರ ಶುರುವಾದದ್ದು, ನಿನ್ನದು ಬೇರೆಯವರ ಜೊತೆ ಬೆರೆಯದಿರಲಿ ಅಂತ.

ಬಾಕಿ ಎಲ್ಲರೂ ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಕೂತಿದ್ದರು. ನಾವಿಬ್ಬರು ಮಾತ್ರ ಎದುರುಬದುರು. ಆ ಮೆಷಿನ್ನುಗಳ ಗದ್ದಲದಲ್ಲಿ ಪಕ್ಕದವಳು ಕೂಗಿದರೂ ಕೇಳುತ್ತಿರಲಿಲ್ಲ. ನಾವು ದನಿಯೇ ಇಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತಿದ್ದೆವು. ನಿನಗೆ ಗಂಡು ಗೊತ್ತಾದದ್ದು, ನನಗೆ ಮೊದಲ ಸಲ ಬಸಿರು ಇಳಿದುಹೋದದ್ದು, ಮೇಸ್ತ್ರಿಯ ಪ್ಯಾಂಟು ಹಿಂದೆ ಹರಿದದ್ದು, ಎಲ್ಲ ಆ ಮೇಜಿನ ಮೇಲೇ ದಾಟಿ ಹೋಯಿತು. ಯಾರ ಕಿವಿಗೂ ಬೀಳಲಿಲ್ಲ. ನನಗೆ ‘ಫ್ಯೂಸು’ ಅಂತ ನೀನು ಹೆಸರಿಟ್ಟದ್ದನ್ನೂ ಮೊದಲು ನಿನ್ನ ತುಟಿಯ ಮೇಲೇ ಓದಿದ್ದು.

ಇರಲಿ. ಸಣ್ಣ ತಂತಿಯಂತೂ ಹೋಯಿತು. ದಪ್ಪದ್ದನ್ನೂ ಕಿತ್ತು ಎರಡನ್ನೂ ಹೊಸದಾಗಿ ಸುತ್ತುವುದು ಸರಿಯಾದ ಕ್ರಮ. ನಮ್ಮ ಯಜಮಾನರು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು. ಕಟರ್ ಕೈಗೆ ತಗೊಂಡೆ. ಕೆಂಪು ದಾರದ ಹತ್ತಿರ ಹೋಯಿತು. ವಾಪಸ್ ಇಟ್ಟೆ. ಸರಿಯಿರುವುದನ್ನು ಯಾಕೆ ಕೀಳಬೇಕು ಅಂತ ನನಗೆ ನಾನೇ ಜಗಳ ಆಡಿಕೊಂಡು ಗೆದ್ದೆ. ನಿನ್ನ ಸುತ್ತನ್ನು ಹಾಗೇ ಒಳಗೆ ಬಿಟ್ಟು, ಮೇಲೆ ಹೊಸ ಕಾಗದ ಹಾಕಿ, ಅದರ ಮೇಲೆ ಸಣ್ಣ ತಂತಿ ಸುತ್ತಿದೆ. ಒಂದು ಪದರ ತಂತಿ, ಒಂದು ಪದರ ಕಾಗದ. ಉಸಿರು ಜೋರಾಗಿ ಬಿಟ್ಟರೆ ತುಂಡಾಗುವ ತಂತಿ. ಸುತ್ತುವಾಗ ನಿನ್ನ ಮೇಲಿದ್ದ ಸಿಟ್ಟೂ ಇಳಿಯಿತು, ನಿನ್ನ ಮಗಳು ಹೇಳಿದ ಮಾತು ಮಾತ್ರ ಇಳಿಯಲಿಲ್ಲ. ವಾರ್ನಿಷ್‌ನಲ್ಲಿ ಅದ್ದಿ, ಬಿಸ್ಕತ್ತಿನ ಡಬ್ಬಿಯಲ್ಲಿ ಬಲ್ಬಿನ ಕೆಳಗಿಟ್ಟು ಒಣಗಿಸಿದೆ. ಬಾಚಣಿಗೆ ಜೋಡಿಸಿ, ಕನ್ನಡಕದ ಡಬ್ಬಿಯಿಂದ ಕಾಗದದ ಚೂರನ್ನು ತೆಗೆದು ಅದರ ಜಾಗಕ್ಕೇ ಇಟ್ಟು ಬಿಗಿದೆ.

ಸಲೂನಿನವನು ಬಂದ. ಪಕ್ಕದ ಅಂಗಡಿಯ ಹೊಲಿಗೆಯವಳು, ಹಾಡಿದೆ ಅಂದರೆ ಸಾಕು ಕರೆಯದೆ ಬರುವವಳು, ಬಾಗಿಲಲ್ಲಿ ನಿಂತಳು. ಸ್ವಿಚ್ ಹಾಕಿದೆ. ವಾಲ್ವುಗಳು ಕೆಂಪೇರಿದವು. ಸಲೂನಿನವನು ತಾನು ತಂದಿದ್ದ ರೆಕಾರ್ಡು ಹಾಕಿದ. ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟೆ. ಅದು ನಡುಗತೊಡಗಿತು. ಜೀವ ಬಂತು ಅಂತ ಇವರ ಕಡೆ ನೋಡಿದರೆ ಸಲೂನಿನವನು ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ, ಹೊಲಿಗೆಯವಳು ಕಣ್ಣು ಮುಚ್ಚಿದ್ದಾಳೆ. ಆಮೇಲೆ ಇಬ್ಬರೂ ಕಿವಿ ಮುಚ್ಚಿಕೊಂಡರು. ನಾನು ಮಾತ್ರ ಕಲ್ಲುಕಂಬದ ಹಾಗೆ ನಿಂತೇ ಇದ್ದೆ. ಕೊನೆಗೆ ಹೊಲಿಗೆಯವಳೇ ನುಗ್ಗಿ ಬಂದು ಪ್ಲಗ್ಗು ಕಿತ್ತಳು.

"ಅಮ್ಮಾ! ಹಂದಿ ಕೊಯ್ದ ಹಾಗೆ ಕಿರುಚ್ತಿದೆ, ನೀವು ನಗ್ತಾ ನಿಂತಿದ್ದೀರಲ್ಲ!" ಅಂದಳು.

"ಎದೆಗಾರಿಕೆ ಅಂದ್ರೆ ಇದು" ಅಂದ ಸಲೂನಿನವನು. "ನಮಗೆ ಪ್ರಾಣ ಹೋಯ್ತು."

"ಕಿರುಚಾಟಕ್ಕೆ ಹೆದರೋರು ಈ ಕೆಲಸಕ್ಕೆ ಬರಬಾರದು" ಅಂದು ಮುಖ ಗಂಟಿಕ್ಕಿಕೊಂಡೆ. ಇಬ್ಬರನ್ನೂ ಹೊರಗೆ ಅಟ್ಟಿ ಕೂತೆ.

ನೀನು ಇಷ್ಟೊತ್ತಿಗೆ ನಗುತ್ತಿರುತ್ತೀಯ, ನನಗೆ ಗೊತ್ತು. ನಾನೇ ಬರೆದಿದ್ದೇನಲ್ಲ ಮೇಲೆ, ನಿನ್ನ ಸುತ್ತು ಉಲ್ಟಾ ಅಂತ. ಅದನ್ನು ಕಣ್ಣಾರೆ ಕಂಡು, ನಿನ್ನ ಹೆಸರು ಹೇಳಿಕೊಂಡು, ಮೇಸ್ತ್ರಿಯ ಮಾತನ್ನೂ ನೆನೆಸಿಕೊಂಡು, ಅದರ ಮೇಲೇ ನನ್ನ ಬಲಗೈ ಸುತ್ತು ಸುತ್ತಿದ್ದೆ! ಅರ್ಧ ಇವಳು, ಅರ್ಧ ಇನ್ನೊಬ್ಬಳು. ಕೈಗೆ ಬುದ್ಧಿ ಎಲ್ಲಿದೆ, ಅಭ್ಯಾಸ ಮಾತ್ರ. ಮಗಳಿಗೆ ಹೇಳು: ಸ್ಪೀಕರಿನ ಕಡೆಯಿಂದ ಒಂದು ತಂತಿ ಹಿಂದಕ್ಕೆ ಬಂದು ಆಂಪ್ಲಿಫೈಯರಿಗೆ ‘ಮೆಲ್ಲಗೆ, ಮೆಲ್ಲಗೆ’ ಅಂತ ಸಮಾಧಾನ ಹೇಳುತ್ತಿರುತ್ತದೆ. ಸುತ್ತಿನ ದಿಕ್ಕು ತಿರುಗುಮುರುಗಾದರೆ ಅದೇ ತಂತಿ ‘ಬಿಡಬೇಡ, ಇನ್ನೂ ಜೋರಾಗಿ ಕೂಗು’ ಅಂತ ಎತ್ತಿಕಟ್ಟುತ್ತದೆ. ನಮ್ಮಿಬ್ಬರ ನಡುವೆ ಈಗ ಆಗಿದೆಯಲ್ಲ, ಹಾಗೆ. ನಾನು ಒಳ್ಳೇದು ಅಂದದ್ದು ನಿನಗೆ ಕೊಳ್ಳಿ ಇಟ್ಟ ಹಾಗಾಯಿತು.

ಕಿಟಕಿಯಿಂದ ಎಸೆಯಲು ಮೇಸ್ತ್ರಿ ಈಗಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕಾಗಿಯೂ ಇರಲಿಲ್ಲ. ನಿನ್ನ ದಪ್ಪ ತಂತಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಅಷ್ಟೇ. ಕೆಂಪು ದಾರದ ತುದಿ ಇದ್ದಲ್ಲಿಗೆ ಇನ್ನೊಂದು, ಇನ್ನೊಂದಿದ್ದಲ್ಲಿಗೆ ಕೆಂಪು ದಾರ. ಒಳಗೆ ನಿನ್ನ ಎಡಸುತ್ತು, ಹೊರಗೆ ನನ್ನ ಬಲಸುತ್ತು, ಹಾಗೇ ಇವೆ.

ಮತ್ತೆ ಇಬ್ಬರನ್ನೂ ಕರೆದೆ. ಕಿವಿಯ ಹತ್ತಿರ ಕೈ ತಯಾರಿಟ್ಟುಕೊಂಡೇ ಬಂದರು. ಸ್ವಿಚ್ ಹಾಕಿ, ಈ ಸಲ ಅಂಗೈಯನ್ನು ಸ್ಪೀಕರಿನ ಮರದ ಮೇಲೆ ಇಟ್ಟೆ. ಸಲೂನಿನವನು ಅವನಪ್ಪನ ಆ ರೆಕಾರ್ಡನ್ನೇ ಮತ್ತೆ ಹಾಕಿದ. ಮರದೊಳಗೆ ಏನೋ ನಡೆದಾಡಿದ ಹಾಗಾಯಿತು. ತಳದ ಸ್ವರ ಬಂದಾಗ ಮೊಣಕೈವರೆಗೂ ಬಂತು. ಹೊಲಿಗೆಯವಳ ಕೈ ತಾನಾಗಿ ಕೆಳಗಿಳಿಯಿತು. ಅವಳ ಬಲಗಾಲು ನೆಲವನ್ನು ತುಳಿಯತೊಡಗಿತು, ಹೊಲಿಗೆ ಮೆಷಿನ್ನು ತುಳಿದ ಹಾಗೆ. ಸಲೂನಿನವನ ಬಲಗೈಯ ಎರಡು ಬೆರಳು ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದವು.

"ಗುಂಯ್ ಅನ್ನೋದೇನಾದ್ರೂ ಇದೆಯಾ?" ಅಂತ ಕೇಳಿದೆ.

"ಇಲ್ಲಮ್ಮ."

"ಸರಿಯಾಗಿ ಕೇಳು. ಹಾಡಿನ ಹಿಂದೆ, ಸಣ್ಣಗೆ."

ಅವನು ತಲೆ ಬಗ್ಗಿಸಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ, ಮೀಸೆ ಇಲ್ಲದ ತುಟಿ ನಡುಗುತ್ತಿತ್ತು. "ಅಪ್ಪ ಹಿಂದೆ ನಿಂತಿದ್ದಾನೆ ಅನ್ಸುತ್ತಮ್ಮ. ಗುಂಯ್ ಏನಿಲ್ಲ."

ಅವನು ಅದನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಈ ಸಲ ಬಟ್ಟೆ ಒಗೆದು ತಂದಿದ್ದ.

ಈಗ ನಿನ್ನ ಕೈಯ ಮಾತಿಗೆ ಬರುತ್ತೇನೆ. ಆ ಬಾಬಿನ್ನು ಮೇಜಿನ ಮೇಲಿದ್ದಷ್ಟೂ ಹೊತ್ತು ನಿನ್ನ ಸುತ್ತನ್ನೇ ನೋಡುತ್ತಿದ್ದೆ. ಇಷ್ಟು ಸೊಗಸಾಗಿ ಕೂರಿಸಿದ ಕೈ ಸತ್ತಿತು ಅಂತಾಳಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಆಗ ಹೊಳೆಯಿತು ನೋಡು. ನೀನು ಆ ಕಡೆ ಕೂತದ್ದು ಯಾಕೆ? ಎಡಗೈಗೆ ಹಿಡಿ ಸಿಗಲಿ ಅಂತ. ಎಡಗೈ ಹಿಡಿ ತಿರುಗಿಸುತ್ತಿತ್ತು, ಅಷ್ಟೇ. ತಂತಿ ನಡೆಸುತ್ತಿದ್ದದ್ದು ಯಾವ ಕೈ? ಒಂದರ ಪಕ್ಕ ಒಂದು ಕೂರಿಸುತ್ತಿದ್ದದ್ದು, ಬಿಗಿ ನೋಡುತ್ತಿದ್ದದ್ದು, ಅಂಚಿಗೆ ಬಂದಾಗ ಹೆಬ್ಬೆರಳಿಂದ ಸವರಿ ತಿರುಗಿಸುತ್ತಿದ್ದದ್ದು? ಬಲಗೈ ಕಣೇ, ಎಡಚಿ! ಇಷ್ಟು ವರ್ಷ ಊರೆಲ್ಲ ನಿನ್ನನ್ನು ಎಡಚಿ ಅಂದು, ನೀನೂ ಅದನ್ನೇ ನಂಬಿ ಕೂತೆ. ಹೋಗಿರುವುದು ಹಿಡಿ ತಿರುಗಿಸುವ ಕೈ. ಹಿಡಿ ತಿರುಗಿಸಲು ಯಾರಾದರೂ ಆದೀತು. ನಾನೂ ಆದೇನು.

ಲೆಕ್ಕ ಹಾಕಿ ನೋಡಿದ್ದೇನೆ, ಸ್ಟೂಲು ಹಾಕಿಯೂ ನೋಡಿದ್ದೇನೆ. ನೀನು ಮೇಜಿನ ಆ ಕಡೆ ಕೂತರೆ ಹಿಡಿ ನಿನ್ನ ಎಡಕ್ಕೆ ಬರುತ್ತದೆ. ಅದೇ ಹಿಡಿ ನನ್ನ ಬಲಕ್ಕೆ ಬರುತ್ತದೆ. ನಿನ್ನ ಎಡಗೈ ಇರುವಲ್ಲೇ ನನ್ನ ಬಲಗೈ. ನಾನು ತಿರುಗಿಸುತ್ತೇನೆ, ನೀನು ತಂತಿ ನಡೆಸು. ಯಾವ ದಿಕ್ಕಿಗೆ ಅಂತ ನೀನೇ ಹೇಳು, ನಾನು ಜಗಳ ಆಡುತ್ತೇನೆ, ಕೊನೆಗೆ ನೀನು ಹೇಳಿದ ಹಾಗೇ ಆಗುತ್ತದೆ. ಕೈ ಆಡಿಸಲು ಹೇಳಿಕೊಡುವವಳನ್ನು ವಾಪಸ್ ಕಳಿಸಬೇಡ. ಬ್ಯಾಗಿನಷ್ಟಾದರೂ ಭಾರ ಎತ್ತಲು ಆ ಎಡಗೈ ಬೇಕು, ನಿನ್ನ ಗಂಟು ಹೊರಲು ನನ್ನ ಸೊಂಟ ಒಪ್ಪುವುದಿಲ್ಲ. ಹೊಲಿಗೆಯವಳ ಕೈಲಿ ನಿನ್ನ ಮಗಳಿಗೆ ಮೆಸೇಜು ಹಾಕಿಸಿದ್ದೇನೆ, ಮೆಟ್ಟಿಲಿಲ್ಲದ ಮನೆ, ಹಿಂದಿನ ಕೋಣೆಗೆ ಬೆಳಕೂ ಇದೆ. ಅವಳು ಒಪ್ಪಿದ್ದಾಳೆ. ನೀನು ಒಪ್ಪದಿದ್ದರೆ ನಾನೇ ರೈಲು ಹತ್ತಿ ಬಂದು ಅಲ್ಲೇ ರಂಪ ಮಾಡುತ್ತೇನೆ. ನನಗೆ ಮಾನ ಮರ್ಯಾದೆ ಕಡಿಮೆ, ನಿನಗೆ ಗೊತ್ತು.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳು ಚೆನ್ನಾಗಿ ಉಂಡುಕೊಂಡು ಬೆಳೆಯಲಿ, ಅಜ್ಜಿಯ ಹಟ ಬಾರದಿರಲಿ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವಳು ನಾನಲ್ಲ, ನಿನಗಿಂತ ಮೂರು ತಿಂಗಳು ಮುಂಚೆ ಹುಟ್ಟಿದ್ದೇನೆ ಅಷ್ಟೇ. ಆದರೂ ಮಾಡಿದ್ದೇನೆ, ಇಟ್ಟುಕೋ.

ನಿನ್ನ
ಫ್ಯೂಸು

ತಾ. ಕ.: ಇದನ್ನು ಮಗಳ ಕೈಲಿ ಓದಿಸಬೇಡ. ನೀನೇ ಓದು.

ಅವತ್ತು ಫೋನಿನಲ್ಲಿ ನಿನ್ನ ಹೆಸರು ಕಂಡು ಖುಷಿಯಿಂದ ಎತ್ತಿದೆ. ಒಂದು ಅಕ್ಷರವೂ ಕೇಳಲಿಲ್ಲ. ನನ್ನ ಕಿವಿ ಹೋಗಿದೆ ಕಣೇ. ಮೊದಲು ಹಕ್ಕಿಗಳು ಹೋದವು, ಆಮೇಲೆ ಬಾಗಿಲು ತಟ್ಟುವುದು, ಆಮೇಲೆ ಮಾತು. ಎದುರಿಗೆ ಇದ್ದವರ ತುಟಿ ನೋಡಿ ಓದಿಕೊಂಡು ನಡೆಸುತ್ತಿದ್ದೇನೆ, ಆ ಮೇಜಿನ ಮೇಲೆ ನಿನ್ನ ಜೊತೆ ಕಲಿತದ್ದೇ. ಯಾರಿಗೂ ಗೊತ್ತಿಲ್ಲ, ನಿನ್ನ ಮಗಳಿಗೂ ಗೊತ್ತಾಗಲಿಲ್ಲ. ಫೋನಿಗೆ ತುಟಿ ಇಲ್ಲ. ಮೊಮ್ಮಗಳು ಪಾಸಾದ ಸುದ್ದಿ ಹೇಳುತ್ತಿದ್ದೀಯ ಅಂದುಕೊಂಡು ‘ಒಳ್ಳೇದು’ ಅಂದೆ. ಆ ಆಂಪ್ಲಿಫೈಯರ್ ಕಿರುಚಿದ್ದೂ ನನಗೆ ಕೇಳಲಿಲ್ಲ, ಇವರು ಹಾಡಿಗೆ ಮರುಳಾಗಿ ಬಾಯಿ ಬಿಟ್ಟಿದ್ದಾರೆ ಅಂತ ನಗುತ್ತ ನಿಂತಿದ್ದೆ. ಆಮೇಲಿನ ಹಾಡೂ ಕೇಳಲಿಲ್ಲ. ನಮ್ಮಿಬ್ಬರ ಸುತ್ತು ಸೇರಿ ಹೇಗೆ ಹಾಡುತ್ತದೆ ಅಂತ ನೀನು ಬಂದು ಕೇಳಿ ನನಗೆ ಹೇಳಬೇಕು.

ನಿನ್ನ ತುಟಿ ಒಂದು ಕಡೆಗೆ ವಾಲಿದೆ ಅಂದಳು ಮಗಳು. ವಾಲಲಿ. ಓದುವುದನ್ನು ಮತ್ತೆ ಕಲಿಯುತ್ತೇನೆ, ನೀನು ನಿಧಾನವಾಗಿ ಆಡು. ಅವತ್ತು ಅತ್ತುಕೊಂಡು ಹೇಳಿದೆಯಲ್ಲ, ಅದನ್ನು ಇಲ್ಲಿ ನನ್ನ ಎದುರಿಗೆ ಕೂತು ಇನ್ನೊಂದು ಸಲ ಹೇಳು.